ಸಾರ್ವಭೌಮನ ಬೋರ್ಡು

ನಮ್ಮ ಸಾಂತಪ್ಪ ಮಾವನಿಗೆ ಬಿರುದಿನ ಹುಚ್ಚು ಹಿಡಿದದ್ದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಎರಡನೇ ವರ್ಷ. ಅದಕ್ಕೂ ಇಪ್ಪತ್ತು ವರ್ಷ ಮೊದಲಿನಿಂದ ಅವರ ಮೈಮೇಲೆ ಗುಳಿಗ ದೈವ ಬರುತ್ತಿತ್ತು. ಮಾದಾಪುರದ ಸುತ್ತ ಯಾರ ಮನೆಯ ದನ ಕಳೆದರೂ, ಮಗು ಬೆಚ್ಚಿದರೂ, ಅವರ ಬಾಯಿಂದ ದೈವದ ನುಡಿ ಕೇಳಿದರೇ ಜನಕ್ಕೆ ಸಮಾಧಾನ. ಅಷ್ಟು ಸಾಲದೆ ಹೋಯಿತು! ಯಾವುದೋ ದೈವಜ್ಞರ ಪರಿಷತ್ತು ಅಂಚೆಯಲ್ಲೇ ಬಿರುದು ಕೊಡುತ್ತದೆಂದು ಪೇಪರಿನಲ್ಲಿ ಕಂಡರು. ಅರ್ಜಿ ಬರೆದವನು ಎಸ್ಟೇಟಿನ ಲೆಕ್ಕ ಬರೆಯುವ ರೈಟರಾದ ನಾನೇ; ಪಾಪದಲ್ಲಿ ನನಗೂ ಪಾಲಿದೆ. ‘ಯಾವ ಗುರುವಿನ ಬಳಿ ಎಷ್ಟು ವರ್ಷ ಅಭ್ಯಾಸ?’ ಎಂಬ ಪ್ರಶ್ನೆಗೆ ಮಾವ ತಲೆ ಕೆರೆದುಕೊಂಡು, “ಅದ್ ಬರುವಾಗ ಬರ್ತದೆ, ಅದಕ್ಕೆಂತ ಅಭ್ಯಾಸ?” ಎಂದರು. ಹಾಗೇ ಬರೆದೆ.

ಆದರೂ ಬಂತು: ‘ದೈವವಿದ್ಯಾ ಸಾರ್ವಭೌಮ’. ಕೆಂಪು ಅಕ್ಷರದ ಬೋರ್ಡು ಜಗಲಿಯ ಮೇಲೇರಿತು. ಅಂದಿನಿಂದ ಬರೀ ಸಾಂತಪ್ಪ ಎಂದರೆ ಅವರಿಗೆ ಕಿವಿಯೇ ಕೇಳದು. ಬೊಳ್ಳಮ್ಮ ಅತ್ತೆ ಅಡುಗೆಮನೆಯಿಂದ, “ಓ ಸಾರ್ವಭೌಮರೇ, ಹಂದಿಗೆ ಗಂಜಿ ಹಾಕಿ ಆತಾ?” ಎಂದು ಕೂಗಿದರೆ ಮಾತ್ರ, “ಆತ್, ಆತ್” ಎಂದು ಗಂಭೀರವಾಗಿ ಉತ್ತರ ಬರುವುದು. ನಗು ಮುಚ್ಚಲು ನಾನು ಕೆಮ್ಮುತ್ತಿದ್ದೆ.

ನಗದವನು ಮಾವನ ದಾಯಾದಿ ತಮ್ಮ ಕುಟ್ಟಪ್ಪ ಒಬ್ಬನೇ. “ಬೋರ್ಡು ಹಾಕ್ದ ಮೇಲೆ ಬರುದು ಗುಳಿಗ ಅಲ್ಲ, ನುಡಿಯುದು ಅಣ್ಣನೇ. ಈ ವರ್ಷ ದೈವಕ್ಕೆ ಕೋಳಿ ಕೊಡುವ ತಂಬಿಲಲಿ ಕಾಂಬ. ಸುಳ್ಳೂಂತ ಕಂಡರೆ ದೈವದ ಬೆತ್ತ ಬೇರೆಯವಂಗೆ” ಎಂದು ಕುಟುಂಬದವರನ್ನೆಲ್ಲ ಒಪ್ಪಿಸಿಬಿಟ್ಟ. ಮಾವನ ಮುಖ ಸಪ್ಪಗಾಯಿತು. ದೈವ ಬರುವಾಗ ಇಪ್ಪತ್ತು ವರ್ಷ ಹಿಡಿದ ಬೆತ್ತ ಹೋದರೆ ಅವರಿಗೆ ಉಳಿಯುವುದೇನು? ನನಗೂ ಭಯವಾಯಿತು.

ತಂಬಿಲದ ದಿನ ಮಧ್ಯಾಹ್ನ ದೈವದ ಕಲ್ಲಿನ ಮುಂದೆ ಮಾವ ನಡುಗಿದರು, ಕುಣಿದರು. ಕುಟ್ಟಪ್ಪ ಕೈ ಮುಗಿದು ಮೆತ್ತಗೆ ಕೇಳಿದ: “ದೈವವೇ, ನಮ್ಮ ಸಾರ್ವಭೌಮರ ಮೇಲೆ ಸಂತೋಷ ಉಂಟಾ?”

“ಯಾವ ಸಾರ್ವಭೌಮ?” ಮಾವನ ಬಾಯಲ್ಲಿ ಗುಳಿಗ ಗುಡುಗಿತು. “ಹಲಸಿನ ಮರಂದ ಬಿದ್ದ್ ಹಲ್ಲ್ ಕಳ್ಕಂಡ ಸಾಂತನಾ? ದಿನಾ ಬಾಗಿಲು ಹಾಕಿ, ಕನ್ನಡಿ ಮುಂದೆ ತನ್ನನ್ನೇ ಸಾರ್ವಭೌಮ, ಸಾರ್ವಭೌಮಾಂತ ಕರ್ಕಂಬವನಾ? ನಂಗೆ ಬೇಕಾದ್ ಒಂದು ಮೈ, ಬೋರ್ಡಲ್ಲ. ಇಳಿಸಿ ಅದನ್ನ!”

ಎಲ್ಲರ ಕಣ್ಣೂ ಅತ್ತೆಯ ಕಡೆ ತಿರುಗಿತು. ಅತ್ತೆ, “ಅಯ್ಯೋ, ಕನ್ನಡಿ ವಿಷಯ ನಾ ಯಾರಿಗೂ ಹೇಳಿಲ್ಲೆ!” ಎಂದು ಸೆರಗನ್ನು ಬಾಯಿಗೆ ತುರುಕಿಕೊಂಡರು. ಅಷ್ಟೇ! ಬಲಿಯ ಕೋಳಿ ಹಿಡಿದವನ ಕೈ ನಗುವಿಗೆ ಸಡಿಲಿ, ಕೋಳಿ ಬದುಕಿದೆಯಾ ಬಡಜೀವವೇ ಎಂದು ತೋಟಕ್ಕೆ ಓಡಿತು. ನಾನಂತೂ ಮರ ತಬ್ಬಿಕೊಂಡು ನಕ್ಕೆ. ಬಿರುದಿಗಾಗಿ ಪ್ರಾಣ ಬಿಡುವ ಮನುಷ್ಯ ತನ್ನ ಮಾನವನ್ನು ತಾನೇ ಹೀಗೆ ಕಳೆದುಕೊಂಡಾನೆಯೇ? ಕುಟ್ಟಪ್ಪ ಮಣ್ಣಿನಲ್ಲೇ ಅಡ್ಡಬಿದ್ದ.

ನೀರು ಚಿಮುಕಿಸಿದಾಗ ಮಾವ ಕಣ್ಣು ಬಿಟ್ಟರು. ದೈವ ಆಡಿದ್ದು ಅವರಿಗೆ ಎಂದೂ ನೆನಪಿರುವುದಿಲ್ಲ. ಮೊದಲು ಬೆತ್ತಕ್ಕಾಗಿ ತಡಕಾಡಿದರು. ಕುಟ್ಟಪ್ಪನೇ ಅದನ್ನು ಎರಡೂ ಕೈಯಿಂದ ಎತ್ತಿ ಅವರಿಗೆ ಕೊಟ್ಟ.

“ದೈವ ನನ್ನ ಬಿರುದು ಹೇಳ್ತಾ?” ಎಂದರು ಮಾವ, ಆಸೆಯಿಂದ.

“ಹೇಳ್ತ್ ಅಣ್ಣ” ಎಂದ ಕುಟ್ಟಪ್ಪ. “ಮೂರು ಸಲ.”

ಅತ್ತೆ ಆಗಲೇ ಏಣಿ ತರಲು ಹೋಗಿದ್ದರು.