ಹೊನ್ನೂರುಸ್ವಾಮಿಯ ಡೇರೆ

ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ಹಿಂದೆ ಸರಿಯಿತೆಂದರೆ ಮರಿಯಮ್ಮನಹಳ್ಳಿಯ ಟೈರಂಗಡಿ ಹೊನ್ನೂರುಸ್ವಾಮಿಗೆ ಡೇರೆಯ ಹುಚ್ಚು ಹತ್ತುತ್ತದೆ. ಬೇರೆಯವರು ದಂಡೆಗೆ ಚಾಪೆ, ಬುತ್ತಿ ಒಯ್ದರೆ ಇವನು ಲಾರಿಯ ತಾಡಪತ್ರಿ, ರುಬ್ಬುವ ಕಲ್ಲು, ಮಂಚ, ಹೆಂಡತಿ ರೇಣುಕಮ್ಮ, ವಯಸ್ಸಾದ ಅಪ್ಪ ಅವ್ವ, ಜೊತೆಗೆ ಪಕ್ಕದ ಮನೆಯ ನನ್ನನ್ನೂ ಟ್ರ್ಯಾಕ್ಟರಿಗೆ ಹೇರಿಕೊಂಡು ಹೊರಡುತ್ತಾನೆ. ಗಾಳಿ ಬೀಸುವ ಎಷ್ಟೋ ಒಳ್ಳೆಯ ಜಾಗಗಳಿದ್ದರೂ ಒಂದೂ ಅವನಿಗೆ ಹಿಡಿಸುವುದಿಲ್ಲ. ಬಿರುಕು ಬಿಟ್ಟ ಕೆಸರು ದಾಟಿ, ಕಲ್ಲೆದ್ದ ಅದೇ ದಿಬ್ಬಕ್ಕೆ ಹೋಗಬೇಕು. ಅಲ್ಲೂ ಅವನ ಕಾಟ ಮುಗಿಯದು. ‘ಲೇ, ಅಲ್ಲಿ ಗೂಟ ಹೊಡಿಬ್ಯಾಡ, ದೇವರ ಮನಿ ಅದು!’ ಎನ್ನುತ್ತಾನೆ. ಒಲೆ ಆ ಮೂಲೆಗೇ ಬೇಕು, ಬಾಗಿಲು ಪೂರ್ವಕ್ಕೇ ಬೇಕು, ಕಾಲು ತೊಳೆಯದೆ ಯಾರೂ ಒಳಗೆ ಬರಕೂಡದು. ‘ನೀರು ನೋಡಾಕ ಬಂದೀವೋ, ಮನಿ ಕಟ್ಟಾಕ ಬಂದೀವೋ?’ ಎಂದು ನಾನು ರೇಗಿದರೆ, ‘ಸುಮ್ನ ಕುಂದ್ರಪ್ಪ, ಚಾ ಕುಡಿ’ ಎಂದು ನಗುತ್ತಾನೆ. ಆಮೇಲೆ ಮೀನು ಸಾರು, ಇಸ್ಪೀಟು, ಮಸ್ತ್ ನಿದ್ದೆ. ಹೊರಡುವ ದಿನ ಮಾತ್ರ, ಸಾಮಾನೆಲ್ಲ ಹೇರಿದ ಮೇಲೂ ಡೇರೆ ಬಿಚ್ಚಗೊಡುವುದಿಲ್ಲ. ಒಳಗೆ ಹಳೆಯ ಅಡಿಪಾಯದ ಕಲ್ಲಿನ ಮೇಲೆ ಅವ್ವ ಯಲ್ಲಕ್ಕನನ್ನು ಕೂರಿಸಿ, ರೇಣುಕಮ್ಮನಿಂದ ಕುಂಕುಮ ಹಚ್ಚಿಸಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿಸಿ ಉಡಿ ತುಂಬಿಸುತ್ತಾನೆ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನಲ್ಲಿ ಆಕೆ ಹುಟ್ಟಿದ ಮನೆ ಇದ್ದದ್ದು ಅಲ್ಲಿಯೇ. ‘ಬ್ಯಾಸಿಗ್ಯಾಗ ಹೆಣ್ಮಕ್ಳು ತವರಿಗೆ ಹೋಗಿ ಬರಬ್ಯಾಡೇನು?’ ಎನ್ನುತ್ತಾನೆ. ಆಳೆತ್ತರಕ್ಕೂ ಮೀರಿದ ಆ ಡೇರೆಯಿಂದ ಯಲ್ಲಕ್ಕ ಉಡಿ ಹಿಡಿದು ಹೊರಬರುವಾಗ, ಗಿಡ್ಡ ಬಾಗಿಲು ದಾಟುವವಳಂತೆ ತಲೆ ಬಗ್ಗಿಸುತ್ತಾಳೆ.