ಹೊರಗೆ ಬಿಟ್ಟ ಚಪ್ಪಲಿ

ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬರುವ ಹೆಂಗಸರಿಗೆ ನೆರವಾಗುವ ಒಂದು ಸಣ್ಣ ಕಚೇರಿಯಲ್ಲಿ ನನ್ನ ಕೆಲಸ. ಜಯನಗರದ ಹಳೆಯ ಮನೆಯೊಂದರ ಮೊದಲ ಮಹಡಿ. ಚಪ್ಪಲಿ ಬಾಗಿಲಾಚೆಯೇ ಬಿಡಬೇಕೆಂಬುದು ನನ್ನದೇ ಕಟ್ಟಪ್ಪಣೆಯಾಗಿತ್ತು. ಒರೆಸಿದ ನೆಲದ ಮೇಲೆ ಯಾರಾದರೂ ಮೆಟ್ಟಿಕೊಂಡು ಬಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಬೆಳಿಗ್ಗೆ ನೇಪಾಳದ ಹೆಂಗಸೊಬ್ಬಳು ಐದಾರು ವರ್ಷದ ಮಗಳ ಜೊತೆ ಬಂದಳು. ಕನ್ನಡ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ಇಬ್ಬರ ಚಪ್ಪಲಿಗಳನ್ನೂ ಕೈಯಲ್ಲಿ ಹಿಡಿದು ಒಳಗೆ ತರಲು ನೋಡಿದಳು. ಇದೆಂಥ ರೀತಿನೀತಿ ಎನ್ನಿಸಿತು ನನಗೆ. "ಹೊರಗಡೆ, ಹೊರಗಡೆ ಬಿಡಮ್ಮ," ಎಂದು ಗದರಿದೆ. ಅವಳು ಒಮ್ಮೆ ಮೆಟ್ಟಿಲ ಕಡೆ ನೋಡಿ, ಅಲ್ಲೇ ಬಿಟ್ಟಳು. ಅವಳದು ನೀಲಿ ಹವಾಯಿ. ಮಗುವಿನದು ಗುಲಾಬಿ, ಒಂದರ ಪಟ್ಟಿ ಕಿತ್ತು ಸೇಫ್ಟಿ ಪಿನ್ನು ಹಾಕಿತ್ತು.

ಕೆಳಗಿನ ಬ್ಯೂಟಿ ಪಾರ್ಲರಿನ ನೇಪಾಳಿ ಹುಡುಗಿಯನ್ನು, ಅವಳ ಮಾತನ್ನು ಕನ್ನಡದಲ್ಲಿ ಹೇಳಲೆಂದು ಕರೆಸಿದೆ. ಕೇಳುತ್ತ ಕೇಳುತ್ತ ಆ ಹುಡುಗಿಯ ಮುಖ ಬಿಳಿಚಿಕೊಂಡಿತು. "ಅಕ್ಕಾ, ಗಂಡ ಜೆಪಿ ನಗರದಲ್ಲಿ ವಾಚ್‌ಮನ್ ಅಂತೆ. ಎಲ್ಲಿಗೆ ಹೋದ್ರೂ ಹುಡುಕಿ ಸಾಯಿಸ್ತೀನಿ ಅಂದಿದಾನಂತೆ."

ಬನಶಂಕರಿಯ ಆಶ್ರಯಧಾಮಕ್ಕೆ ಫೋನ್ ಮಾಡಿದೆ. ಜಾಗವಿದೆ ಎಂದರು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಮೂವರನ್ನೂ ಒಳಕೋಣೆಗೆ ಕಳಿಸಿ, ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದೆ.

"ನಮಸ್ಕಾರ ಮೇಡಂ. ತೊಂದ್ರೆ ಕೊಡ್ತಿದೀನಿ, ಬೇಜಾರ್ ಮಾಡ್ಕೋಬೇಡಿ. ನನ್ ಹೆಂಡ್ತಿ, ಮಗು ಇಲ್ಲಿಗೆ ಬಂದಿದಾರಾ? ಆಟೋದವ್ರು ಈ ರೋಡಲ್ಲೇ ಇಳಿಸಿದ್ದು ಅಂದ್ರು."

ಎಂಥ ಕನ್ನಡ! ಹೊರಗಿನವರು ನಾಲ್ಕು ಮಾತು ಕನ್ನಡ ಆಡಿದರೆ ಸಾಕು, ನಾವು ಬೆಣ್ಣೆಯಂತೆ ಕರಗುತ್ತೇವೆ. ನಾನೂ ಒಂದು ಕ್ಷಣ, ಪಾಪ, ಎಷ್ಟು ಮೆದು ಮನುಷ್ಯ ಎಂದುಕೊಂಡೆ. ಹೇಳಲು ನಾಚಿಕೆಯಾಗುತ್ತದೆ. ಒಳಗಿದ್ದವಳ ಮಾತು ನನಗೆ ಒಂದೂ ಅರ್ಥವಾಗಿರಲಿಲ್ಲ, ಇವನದು ಪೂರ್ತಿ ಅರ್ಥವಾಗುತ್ತಿತ್ತು, ಅದಕ್ಕೇ.

"ಇಲ್ಲಪ್ಪ, ಇಲ್ಲಿಗೆ ಯಾರೂ ಬಂದಿಲ್ಲ," ಎಂದೆ.

ಅವನು ತಲೆ ತಗ್ಗಿಸಿದ. ಹೋಗುತ್ತಾನೆಂದುಕೊಂಡೆ. ಅವನು ನೆಲ ನೋಡುತ್ತಿದ್ದ. ಬಗ್ಗಿ, ಗುಲಾಬಿ ಚಪ್ಪಲಿಗಳನ್ನು ಎತ್ತಿಕೊಂಡು, ಪಿನ್ನನ್ನು ಹೆಬ್ಬೆರಳಿನಿಂದ ಸವರಿದ.

"ಈ ಪಿನ್ ನಾನೇ ಹಾಕಿದ್ದು ಮೇಡಂ," ಎಂದ, ಅದೇ ಮೆದು ದನಿಯಲ್ಲಿ. "ಪರವಾಗಿಲ್ಲ. ಕೆಳಗಡೆ ಇರ್ತೀನಿ."

ಬಾಗಿಲು ಮುಚ್ಚಿದೆ. ಚಿಲಕ ಹಾಕಿದೆ. ಪೊಲೀಸರಿಗೆ ಫೋನ್ ಮಾಡಿ ಕಿಟಕಿಯಲ್ಲಿ ನಿಂತೆ. ಅವನು ಗೇಟಿನ ಪಕ್ಕ, ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪೊಲೀಸ್ ಜೀಪು ಕಂಡೊಡನೆ ಅವುಗಳ ಸಮೇತ ಎದ್ದು ತಿರುವಿನಲ್ಲಿ ಮರೆಯಾದ. ಕಾಣದೆ ಹೋದ ಮೇಲೆ ನನ್ನ ಭಯ ಇನ್ನೂ ಹೆಚ್ಚಿತು. ತಾಯಿ ಮಗಳನ್ನು ಕರೆದುಕೊಂಡು ಅದೇ ಜೀಪು ಹತ್ತಿದೆ. ಬನಶಂಕರಿ ಮುಟ್ಟುವವರೆಗೂ ಜೀಪಿನ ಹಿಂದೆ ಬಂದ ಪ್ರತಿ ಬೈಕಿನಲ್ಲೂ ಅವನೇ ಇದ್ದಾನೆ ಅನ್ನಿಸಿತು.

ಆಶ್ರಯಧಾಮದ ಬಾಗಿಲಾಚೆ ಚಪ್ಪಲಿಗಳು ಸಾಲಾಗಿದ್ದವು, ದೊಡ್ಡವು, ಪುಟ್ಟವು. ತಾಯಿ ತನ್ನ ನೀಲಿ ಹವಾಯಿ ಕಳಚಿ ಕೈಯಲ್ಲಿ ಹಿಡಿದು, ಎಲ್ಲಿಡಲಿ ಎಂಬಂತೆ ನನ್ನ ಮುಖ ನೋಡಿದಳು. ಮಗು ಬರಿಗಾಲಲ್ಲಿ ನಿಂತಿತ್ತು. ಆ ಸಾಲಿನ ಒಂದೊಂದು ಜೊತೆಯನ್ನೂ ಗುರುತು ಹಿಡಿಯಬಲ್ಲ ಒಬ್ಬೊಬ್ಬ ಗಂಡಸು ಈ ಊರಲ್ಲೇ ಇದ್ದಾನೆ. ನಾನು ಸೆರಗು ಬಿಗಿದು, ಬಗ್ಗಿ, ಎಲ್ಲವನ್ನೂ ಎದೆಗವಚಿ ಒಳಗೆ ಸಾಗಿಸತೊಡಗಿದೆ.