ಅಪ್ಪನ ಮಾತು ನಂಬಿದ ಗಲ್ಲಿ

ದೆಹಲಿ ಪಕ್ಕದ ಫರೀದಾಬಾದಿನ ಅಂಚಿನಲ್ಲಿ ನಮಗೂ ಒಂದು ಸ್ವಂತ ಮನೆ ಇದ್ದ ಕಾಲ ಅದು. ಆ ಭಾನುವಾರ ಅಮ್ಮ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದ್ದಳು. ಇಂಗಿನ ವಾಸನೆ ಗಲ್ಲಿಯ ತುದಿಯವರೆಗೂ ಹೋಗಿತ್ತು. ನಾವು ಮಕ್ಕಳು ಇಟ್ಟಿಗೆ ಚೂರು ಪೇರಿಸಿ ಲಗೋರಿ ಆಡುತ್ತಿದ್ದೆವು. ಅಲ್ಲಿಯವರಿಗೆ ಅದು ಪಿಟ್ಠೂ. ಹನ್ನೆರಡು ವರ್ಷದ ಅಕ್ಕ ಮಾತ್ರ ಆಟಕ್ಕೆ ಬರದೆ, ತಾರಸಿಯ ನೆಲದ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತಿದ್ದಳು.

ಎದುರುಮನೆಯ ಸರೋಜ್ ಆಂಟಿ ತಟ್ಟೆ ಹಿಡಿದು ಬಂದರು. ಬಟ್ಟೆ ಹೊಲಿದು ಮೂರು ಮಕ್ಕಳನ್ನು ಸಾಕುತ್ತಿದ್ದವರು.

"ಭಾಭಿ, ಪೀಲಾ ಚಾವಲ್ ಬನಾ ಕ್ಯಾ?" ಹಳದಿ ಅನ್ನ ಆಯಿತೇ ಎಂದು ನಕ್ಕು, ಅಪ್ಪನ ಕಡೆ ತಿರುಗಿ ಹಿಂದಿಯಲ್ಲೇ ಕೇಳಿದರು: ಗಲ್ಲಿ ಅಕ್ರಮವೆಂದು ಕೆಡವಲು ನಾಳೆ ಬುಲ್ಡೋಜರ್ ಬರುತ್ತದಂತೆ, ಸಾಮಾನು ಹೊರಗೆ ತೆಗೆಯಲೇ?

ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಗಲ್ಲಿಯವರ ಅರ್ಜಿಗಳನ್ನೆಲ್ಲ ಬರೆದುಕೊಡುತ್ತಿದ್ದವರು ಅವರೇ. "ಚಿಂತಾ ಮತ್ ಕರೋ. ಮೈ ಹೂಂ ನಾ," ಎಂದು, ತಾವಿರುವಾಗ ಚಿಂತೆ ಬೇಡವೆಂದರು. ಅಮ್ಮನಿಗೆ ಕನ್ನಡದಲ್ಲಿ, "ಸರ್ಕಾರಿ ನೌಕರನ ಮನೆ ಹೇಗೆ ಮುಟ್ತಾರೆ?" ಅಂದರು. ಆ ಗಲ್ಲಿಯಲ್ಲಿ ಯಾರೂ ಒಂದು ಚಮಚವನ್ನೂ ಹೊರಗಿಡಲಿಲ್ಲ.

ಮರುದಿನ ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಕಚೇರಿಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಗಲ್ಲಿಯ ಬಾಯಲ್ಲಿ ನಿಂತರು. ಬುಲ್ಡೋಜರ್ ಜೊತೆ ಬಂದ ಪೊಲೀಸರು ಅದನ್ನು ಓದಲೇ ಇಲ್ಲ. ಮೊದಲ ಲಾಠಿ ಭುಜಕ್ಕೆ ಬಿತ್ತು, ಎರಡನೆಯದು ಬಾಯಿಗೆ. ಎರಡು ಹಲ್ಲು ಮುರಿದು ಅಂಗಿಯೆಲ್ಲ ರಕ್ತವಾಯಿತು. ಅಕ್ಕ ಓಡಿಹೋಗಿ ಪೊಲೀಸನ ಮಣಿಕಟ್ಟು ಕಚ್ಚಿದಳು. ಅವನು ಕೊಡವಿದ ರಭಸಕ್ಕೆ ಗೋಡೆಗೆ ಬಡಿದು ಅವಳ ಹಣೆ ಒಡೆಯಿತು. ಅಷ್ಟರಲ್ಲಿ ಮೊದಲ ಮನೆ ಪಾತ್ರೆಗಳ ಸಮೇತ ಕುಸಿದಿತ್ತು. ಯಾರೋ ಕಟ್ಟಿಹಾಕಿದ್ದ ಆಡು ಗೋಡೆಯಡಿ ಸಿಕ್ಕಿ ಅರಚಿ, ಸುಮ್ಮನಾಯಿತು. ಮೂರನೆಯದಾಗಿ ಬಿದ್ದದ್ದು ನಮ್ಮ ಮನೆ.

ಸರೋಜ್ ಆಂಟಿಯ ಮನೆ ಹೊಲಿಗೆ ಮೆಷಿನ್ನಿನ ಮೇಲೆಯೇ ಬಿತ್ತು. ಅವರು ಪೊಲೀಸರ ಹತ್ತಿರ ಹೋಗಲಿಲ್ಲ. ನೇರ ಅಪ್ಪನ ಬಳಿ ಬಂದು ಚಪ್ಪಲಿ ಕಳಚಿದರು.

"ತೂನೇ ಕಹಾ ಥಾ! ತೂನೇ ಕಹಾ ಥಾ, ಬಾಬೂಜಿ!"

ನೀನೇ ಹೇಳಿದ್ದೆ ಎಂಬ ಒಂದೊಂದು ಮಾತಿಗೂ ಒಂದೊಂದು ಏಟು, ಆ ಒಡೆದ ಬಾಯಿಯ ಮೇಲೆಯೇ. ಅಮ್ಮ, "ಬಿಡ್ರೀ, ಸತ್ತೇ ಹೋಗ್ತಾರೆ!" ಎಂದು ಕನ್ನಡದಲ್ಲೇ ಕೂಗುತ್ತ ಅಡ್ಡ ಹೋದಳು.

ಅಪ್ಪ ಅವಳನ್ನು ಪಕ್ಕಕ್ಕೆ ಸರಿಸಿದರು. "ಬಿಡೇ. ಹೊಡೀಲಿ."

ಆಮೇಲೆ ದೆಹಲಿಯ ಓಖ್ಲಾದ ಬಾಡಿಗೆ ಕೋಣೆಗಳಲ್ಲಿ ಬೆಳೆದೆವು. ಅಪ್ಪ ನಿವೃತ್ತಿಯವರೆಗೂ ಕೆಲಸಕ್ಕೆ ಹೋದರು. ಆದರೆ ಮತ್ತೆಂದೂ ಯಾರಿಗೂ ಹೀಗೆ ಮಾಡಿ ಎಂದು ಹೇಳಲಿಲ್ಲ. ನಾನು ಯಾವ ಕಾಲೇಜು ಸೇರಲಿ ಎಂದು ಕೇಳಿದಾಗಲೂ, "ಬೇರೆ ಯಾರನ್ನಾದ್ರೂ ಕೇಳು," ಎಂದಷ್ಟೇ ಅಂದರು.

ಅಕ್ಕ ಕಲಾವಿದೆಯಾದಳು. ಕೆಡವಿದ ಮನೆಗಳ ಇಟ್ಟಿಗೆ ಪುಡಿಯನ್ನು ಗೋಂದಿನಲ್ಲಿ ಕಲಸಿ, ದೊಡ್ಡ ಬಟ್ಟೆಯ ಮೇಲೆ ನಮ್ಮ ಗಲ್ಲಿಯ ಇಪ್ಪತ್ತಾರು ಮನೆಗಳನ್ನು ಬರೆಯತೊಡಗಿದಳು. ಪ್ರತಿ ಬಾಗಿಲಲ್ಲೂ ಆ ಮನೆಯವರು, ಕೆಳಗೆ ಅವರ ಹೆಸರು, ಬಿಟ್ಟುಬಂದ ಊರು ಇರಬೇಕೆಂಬುದು ಅವಳ ಆಸೆ. ಕಳೆದ ವರ್ಷ ಅಪ್ಪನ ಮುಂದೆ ಅದನ್ನು ಹರಡಿದಳು.

"ಅಪ್ಪಾ, ಪ್ಲೀಸ್, ಯಾವ ಮನೇಲಿ ಯಾರಿದ್ರು ಹೇಳಿ. ಎಲ್ಲರೂ ಗೊತ್ತಿದ್ದದ್ದು ನಿಮಗೊಬ್ಬರಿಗೇ."

ಅಪ್ಪ ಬಗ್ಗಿ ನೋಡಿದರು. ಅವರ ಬೆರಳು ಒಂದು ಬಾಗಿಲ ಹತ್ತಿರ ಹೋಗಿ ನಿಂತಿತು. "ಬೇಡಮ್ಮ. ನಾನು ಹೇಳಿದ್ರೆ ತಪ್ಪಾಗುತ್ತೆ," ಎಂದು ಕೈ ಹಿಂದಕ್ಕೆ ತೆಗೆದುಕೊಂಡರು.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅಮ್ಮ, ಅಕ್ಕ, ನಾನು ನೆನಪಿದ್ದಷ್ಟನ್ನೂ ಸೇರಿಸಿ ಹದಿನೇಳು ಮನೆ ತುಂಬಿದ್ದೇವೆ. ಉಳಿದ ಒಂಬತ್ತು ಮನೆಗಳಲ್ಲಿ ಯಾರಿದ್ದರು ಎಂಬುದು ನಮಗೆ ಗೊತ್ತಿಲ್ಲ.